ನೀರು ಕುಡಿದ ಕಾಗದದ ಹೂ

“ಕಡ್ಡಿಗೆ ಕಾಸಿಲ್ಲ ದಫೇದಾರ್ರೇ, ತೋಟದಾಗೆ ಸವರಿ ಒಗೆದದ್ದು. ಗೊಬ್ಬರ ಒಂದು ಪುಟ್ಟಿ, ಎಂಟಾಣೆ. ಮರಳುಮಣ್ಣು ಹಳ್ಳದ್ದು, ಅದೂ ಪುಕ್ಕಟೆ. ಹಬ್ಬಾಕೆ ಎರಡು ಬಿದಿರು ಗಳ, ಒಂದೂವರೆ ರೂಪಾಯಿ. ಅಲ್ಲಿಗೆ ಎರಡು ರೂಪಾಯಿ ಆತು.”

ಕಾಳಕ್ಕ ಬೆರಳು ಮಡಚಿ ಒಂದು ಕಾಗದದ ಹೂವಿನ ಗಿಡ ಬೆಳೆಸುವ ಲೆಕ್ಕ ಹೇಳಿದಳು. ಮಾರಿಕಣಿವೆ ಕಟ್ಟೆಯ ಕೆಳಗಿನ ತೋಟದಲ್ಲಿ ಇಪ್ಪತ್ತು ವರ್ಷದಿಂದ ಗಿಡ ಸಾಕಿದ ಹೆಂಗಸು ಅವಳು.

“ಮತ್ತೆ ನೀರು?” ಎಂದ ಚಿತ್ತಯ್ಯ.

“ನೀರಿಗೇನೂ ಇಲ್ಲ. ಹಾಕ್ಲೇಬಾರ್ದು.”

ಹಿರಿಯೂರು ಠಾಣೆಯ ದಫೇದಾರ ಚಿತ್ತಯ್ಯ ಪುಸ್ತಕದಿಂದ ತಲೆ ಎತ್ತಿದ. ಮೂವತ್ತೊಂದು ವರ್ಷದ ನೌಕರಿ ಅವನಿಗೆ ಕಲಿಸಿದ್ದು ದೊಡ್ಡ ವಿದ್ಯೆಯೇನಲ್ಲ. ಜನ ಸುಳ್ಳು ಹೇಳುವಾಗ ಅವರ ಬಾಯಿ ನೋಡುತ್ತ ಕೂರಬಾರದು, ಎದ್ದು ಹೋಗಿ ಅವರ ಮನೆಯಂಗಳ ನೋಡಬೇಕು, ಅಷ್ಟೆ.

“ಹಾಕಿದ್ರೆ ಏನಾಗ್ತೈತೆ?”

“ಕಾಗದದ ಹೂವಿನ ಗಿಡಕ್ಕಾ? ಕೊಬ್ಬತೈತೆ! ಹಸುರುಗೆ ಎಲೆ ಬಿಟ್ಕಂಡು ಹಬ್ಬತೈತೆ, ಒಂದು ಹೂ ಕೊಡಲ್ಲ. ಬಾಯಾರಿಸ್ಬೇಕು ಅದನ್ನ. ಎಲೆ ಜೋತು ಬೀಳೋ ಗಂಟ ಬಾಯಾರಿಸಿದ್ರೆ, ಇನ್ನೇನು ಸತ್ತೆನಪ್ಪ ಅಂತ ಹೆದರ್ಕಂಡು ಮೈತುಂಬ ಹೂ ಬಿಡ್ತೈತೆ. ನೋಡ್ರಿ ಬೇಕಾರೆ.”

ನೋಡುವುದಕ್ಕೆ ಹೇಳಿಸಿಕೊಳ್ಳಬೇಕಾಗಿರಲಿಲ್ಲ. ಏಪ್ರಿಲ್ ಕೊನೆಯ ಬಿಸಿಲಿಗೆ ಸುತ್ತಲಿನ ಗುಡ್ಡವೆಲ್ಲ ಹುರಿದ ಹಾಗಿದ್ದರೂ ತೋಟದ ಬೇಲಿಯುದ್ದಕ್ಕೂ ರಾಣಿ ಬಣ್ಣ, ಇಟ್ಟಿಗೆ ಬಣ್ಣ, ಬಿಳಿ ಬಣ್ಣ ಸುರಿದುಕೊಂಡು ನಿಂತಿತ್ತು.

“ಅದರಾಗೂ ಇವೆಲ್ಲ ಹೂವಲ್ಲ” ಎಂದು ಕಾಳಕ್ಕ ಒಂದು ಗೊಂಚಲು ಬಗ್ಗಿಸಿ ತೋರಿಸಿದಳು. “ಇದು ಬಣ್ಣ ಹತ್ತಿದ ಎಲೆ. ನಿಜವಾದ ಹೂ ಒಳಗೈತೆ, ಅಕ್ಕಿಕಾಳಿನಷ್ಟು, ಬೆಳ್ಳಗೆ. ಜನ ಮೇಲಿನ ಬಣ್ಣ ನೋಡಿ ಹೂ ಅಂತಾರೆ.”

ಆ ಮಾತು ಚಿತ್ತಯ್ಯನ ಎದೆಯಲ್ಲಿ ಎಲ್ಲೋ ಚುಚ್ಚಿತು. ಯಾಕೆಂದು ಅವನಿಗೆ ಆಗ ಹೊಳೆಯಲಿಲ್ಲ.

“ಕಾಳಕ್ಕ, ಏಕಾಂತಪ್ಪನ ಮನೆ ಮುಂದಿನ ಗಿಡದಾಗೆ ಒಂದು ಹೂವಿಲ್ಲ.”

“ಕೊಟ್ರಮ್ಮನ ಗಿಡದಾಗಾ? ಸುಳ್ಳು!”

“ನಡಿಯವ್ವ, ನೀನೇ ನೋಡುವಂತೆ.”

ಗಂಟೆ ಎರಡೂವರೆ. ನಾಲ್ಕಕ್ಕೆ ಸರ್ಕಲ್ ಸಾಹೇಬರ ಜೀಪು ಬರುವುದಿತ್ತು, ಏಕಾಂತಪ್ಪನ ಹೆಸರಿನ ವಾರಂಟಿನ ಸಮೇತ. ಹೆಂಡತಿಯನ್ನು ಕೊಂದು ಕಟ್ಟೆಯ ನೀರು ಹರಿಯುವ ಚಾನಲ್ಲಿಗೆ ಹಾಕಿದ ಆರೋಪ. ಅವನು ಕೊಂದಿಲ್ಲ ಎಂದು ಚಿತ್ತಯ್ಯನ ಒಳಮನಸ್ಸು ಹೇಳುತ್ತಿತ್ತು. ಆದರೆ ಒಳಮನಸ್ಸನ್ನು ಪಂಚನಾಮೆಯಲ್ಲಿ ಬರೆಯಲು ಬರುವುದಿಲ್ಲ. ಉಳಿದಿದ್ದದ್ದು ಒಂದೂವರೆ ಗಂಟೆ.

ನಡೆದದ್ದು ಇಷ್ಟು. ಹೋಳಿ ಹುಣ್ಣಿಮೆಯ ಮಾರನೆಯ ದಿನ, ತವರಾದ ತಾಳ್ಯಕ್ಕೆ ಹೋಗುತ್ತೇನೆಂದು ಮನೆ ಬಿಟ್ಟ ಕೊಟ್ರಮ್ಮ ಅಲ್ಲಿಗೆ ಮುಟ್ಟಲಿಲ್ಲ. ಒಂಬತ್ತನೆಯ ದಿನ ಚಾನಲ್ಲಿನ ಜಾಲರಿಗೆ ಒಂದು ಹೆಣ ಸಿಕ್ಕಿಕೊಂಡಿತ್ತು. ನೀರಿನಲ್ಲಿ ಊದಿ ಮುಖ ಉಳಿದಿರಲಿಲ್ಲ. ಮದುವೆಯ ಮೊಳಕಾಲ್ಮೂರು ಸೀರೆಯ ಗುರುತು ಹಿಡಿದು ಅಣ್ಣ ಪಂಚಾಕ್ಷರಪ್ಪ “ನನ್ನ ತಂಗಿಯೇ” ಎಂದ, ಅವತ್ತೇ ಮಣ್ಣು ಮಾಡಿಸಿದ, ತಂಗಿಯ ಗಂಡನ ಮೇಲೆ ದೂರು ಕೊಟ್ಟ.

ಮೇಲಿನ ಬಣ್ಣ ನೋಡಿ ಹೂ ಅಂತಾರೆ. ಲೈನ್ ಮನೆಗಳ ತಿರುವಿನಲ್ಲಿ ಚಿತ್ತಯ್ಯ ನಿಂತುಬಿಟ್ಟ. ಚುಚ್ಚಿದ್ದು ಏನೆಂದು ಈಗ ತಿಳಿಯಿತು. ಅವತ್ತು ಪಂಚಾಕ್ಷರಪ್ಪ ಸೀರೆ ನೋಡಿದ್ದ. ಕಾಲು ನೋಡಿರಲಿಲ್ಲ, ಕೈ ನೋಡಿರಲಿಲ್ಲ. ಒಡಹುಟ್ಟಿದವನು ಹೆಣದ ಬೆರಳನ್ನಾದರೂ ನೋಡುವುದಿಲ್ಲವೇ?

“ಯಾಕ್ರಿ ನಿಂತ್ರಿ? ಬಿಸ್ಲಿಗೆ ತಲೆ ತಿರುಗ್ತಾ?”

“ತಿರುಗ್ತಿತ್ತವ್ವ. ಈಗ ನಿಂತೈತೆ. ನಡಿ.”

*

ನೀರುಗಂಟಿ ಏಕಾಂತಪ್ಪನ ಮನೆ ಕಾಲೋನಿಯ ಕೊನೆಯದು. ಮುಂದೆ ಮೊಳದಗಲದ ಕಾಲುವೆ, ಅದರ ದಡಕ್ಕೆ ಅಂಗಳ, ಅಂಗಳದ ಮೂಲೆಯಿಂದ ಎದ್ದು ಬಾಗಿಲ ಮೇಲೆ ಬಾಗಿದ ಗಿಡ. ಮಧ್ಯಾಹ್ನದ ಉರಿಗೆ ಕಾಲೋನಿಯ ಬಾಗಿಲುಗಳೆಲ್ಲ ಮುಚ್ಚಿದ್ದವು. ನಾಯಿ ಕೂಡ ಎದ್ದು ಬೊಗಳಲಿಲ್ಲ.

ಕಾಳಕ್ಕ ಗಿಡ ನೋಡಿದವಳೇ ಬಾಯಿಗೆ ಕೈ ಇಟ್ಟುಕೊಂಡಳು.

“ಅಯ್ಯೋ ಶಿವನೇ, ಯಾರ್ರೀ ಇದಕ್ಕೆ ಹಿಂಗೆ ನೀರು ಸುರಿದೋರು?”

ಗಿಡ ಕೊತ್ತಂಬರಿ ಮಡಿಯ ಹಾಗೆ ಹಸಿರಾಗಿತ್ತು. ಬುಡದ ಮಣ್ಣು ಕಪ್ಪಗೆ ತಣ್ಣಗಿತ್ತು. ಹುಡುಕಿದರೂ ಒಂದು ಬಣ್ಣದ ಎಲೆ ಇರಲಿಲ್ಲ.

“ಒಂದೇ ಗೊಂಚಲಿನಾಗೆ ಅರ್ಧ ಕೆಂಪು ಅರ್ಧ ಬಿಳುಪು ಬಿಡೋ ಜಾತಿ ದಫೇದಾರ್ರೇ ಇದು. ಇದರ ಕಡ್ಡಿ ಸುಲಭಕ್ಕೆ ಹತ್ತಲ್ಲ. ನಲವತ್ತು ಕಡ್ಡಿ ನೆಟ್ಲು ಆಯಮ್ಮ. ಮೂವತ್ತೊಂಬತ್ತು ಒಣಗಿ ಹೋದ್ವು. ಇದೊಂದು ನಿಂತ್ಕಂತು. ಎರಡು ರೂಪಾಯಿ ಅಂದೆನಲ್ಲ, ಅದು ಬರೀ ದುಡ್ಡಿನ ಲೆಕ್ಕ. ಮೂರು ವರ್ಸ ಆಯಮ್ಮ ಇದರ ಮುಂದೆ ಕುಂತಿದ್ದಕ್ಕೆ ಯಾರು ಲೆಕ್ಕ ಬರಿತಾರೆ?”

“ಅಷ್ಟು ಯಾಕೆ ಹಚ್ಕಂಡಿದ್ಲು?”

ಕಾಳಕ್ಕ ದನಿ ತಗ್ಗಿಸಿದಳು. “ಹೆತ್ತ ಕೂಸು ಹನ್ನೊಂದು ದಿನಕ್ಕೆ ಹೋತಲ್ರಿ. ಆ ತಿಂಗ್ಳೇ ನನ್ನ ಹತ್ರ ಬಂದು ಕಡ್ಡಿ ಇಸ್ಕಂಡು ಹೋಗಿದ್ದು. ಕೈಗೆ ಏನಾರ ಕೆಲಸ ಬೇಕು ಕಾಳಕ್ಕ ಅಂದ್ಲು.”

ಚಿತ್ತಯ್ಯ ಪುಸ್ತಕದ ಹಾಳೆ ಹಿಂದಕ್ಕೆ ತಿರುವಿದ. ತಾನೇ ಬರೆದುಕೊಂಡ ಏಕಾಂತಪ್ಪನ ಹೇಳಿಕೆ ಅಲ್ಲಿತ್ತು: ‘ಹೆಂಡತಿ ಹೋದ ಮೇಲೆ ನಾನು ಆ ಗಿಡದ ಮುಖ ನೋಡಿಲ್ಲ.’ ಮುಖ ನೋಡದ ಗಿಡ ಈ ಬಿಸಿಲಲ್ಲಿ ಬಾಯಾರಿ, ಹೂ ತುಂಬಿ ನಿಲ್ಲಬೇಕಿತ್ತು. ದಿನಕ್ಕೆ ಎರಡು ಕೊಡ ಕುಡಿಯದೆ ಹೀಗಾಗುವುದಿಲ್ಲ. ಕಿಟಕಿಯ ಸರಳಿಗೆ ಒಂದು ಸಿಂಬೆ ಒಣಹಾಕಿತ್ತು. ಕೊಡ ಹೊರುವಾಗ ತಲೆಗೆ ಇಟ್ಟುಕೊಳ್ಳುವ ಬಟ್ಟೆಯ ಸಿಂಬೆ. ಹೆಂಗಸಿಲ್ಲದ ಮನೆಯಲ್ಲಿ ಸಿಂಬೆ.

ಏಕಾಂತಪ್ಪ ಸುಳ್ಳು ಹೇಳಿದ್ದ. ಒಂದು ಸುಳ್ಳು ಹೇಳಿದವನು ಎರಡನೆಯದನ್ನು ಹೇಳಿರಲಾರನೇ? ಚಿತ್ತಯ್ಯನ ಒಳಮನಸ್ಸು ಮೊದಲ ಸಲ ಅಳುಕಿತು.

ಹಾಳೆಯ ಕೆಳಗೆ ಇನ್ನೊಂದು ಸಾಲಿತ್ತು. ಹೆಣ ಸಿಕ್ಕ ದಿನ ಮನೆಯ ತಪಾಸಣೆಗೆ ಬಂದಾಗ ಕಂಡದ್ದನ್ನೆಲ್ಲ ಗೀಚಿಕೊಂಡಿದ್ದ: ‘ಗಿಡದ ಬಲಗಡೆ ಕೊಂಬೆಗೆ ಬಟ್ಟೆ ಸುತ್ತಿದೆ, ಮುರಿದ ಕೈಗೆ ಕಟ್ಟಿದ ಹಾಗೆ.’

ಅವನು ಬಲಗಡೆ ನೋಡಿದ. ಬಟ್ಟೆ ಇರಲಿಲ್ಲ. ಕೊಂಬೆಯೇ ಇರಲಿಲ್ಲ.

“ಕಾಳಕ್ಕ, ಇಲ್ಲಿ ಒಂದು ಬಟ್ಟೆ ಕಟ್ಟಿತ್ತು.”

“ಹೂಂ, ಗೂಟಿ. ಶಿವರಾತ್ರಿ ಮುಂದೆ ಕಟ್ಟಿದ್ಲು. ಕೊಂಬೆ ತೊಗಟೆ ಬಳೆಯಗಲ ಸುಲಿದು, ಕೆಸರು ನಾರು ಮೆತ್ತಿ ಬಟ್ಟೆ ಸುತ್ತಿ ಬಿಟ್ರೆ ಎರಡು ತಿಂಗ್ಳಿಗೆ ಅಲ್ಲೇ ಬೇರು ಬರ್ತೈತೆ. ಆಮೇಲೆ ಅದರ ಕೆಳಗೆ ಕೊಯ್ದು ಬೇರೆ ಕಡೆ ನೆಡಬೌದು. ನಾನೇ ಕಲಿಸಿದ್ದು.” ಹೇಳುತ್ತ ಅವಳು ಮುಳ್ಳು ಸರಿಸಿ ಎಲೆಯೊಳಗೆ ಕೈ ಹಾಕಿದಳು. ಕೈ ಅಲ್ಲೇ ನಿಂತಿತು.

ಎಲೆಗಳ ನಡುವೆ ಎರಡು ಬೆರಳುದ್ದದ ಕೂಳೆ ಉಳಿದಿತ್ತು. ಒಂದೇ ಏಟಿಗೆ ಓರೆಯಾಗಿ ಕೊಯ್ದದ್ದು. ಕೊಯ್ದ ಬಾಯಿ ಇನ್ನೂ ಒಣಗಿರಲಿಲ್ಲ. ಅದರ ಮೇಲೆ ಹಳದಿಯಾದ ಏನನ್ನೋ ಹಚ್ಚಿದ್ದರು.

ಚಿತ್ತಯ್ಯ ಹೆಬ್ಬೆರಳಿನಿಂದ ಒತ್ತಿ ನೋಡಿದ. ಜಿಡ್ಡು. ಮೂಗಿಗೆ ಹಿಡಿದ. ಹರಳೆಣ್ಣೆ, ಅರಿಶಿನ.

“ಗಿಡ ಕೊಯ್ದ ಮೇಲೆ ನೀವೆಲ್ಲ ಹಿಂಗೆ ಅರಿಶಿನ ಹಚ್ತೀರಾ?”

ಕಾಳಕ್ಕ ಎಲೆಯೊಳಗಿನ ಕೈ ಹಿಂದಕ್ಕೆ ತೆಗೆದಳು.

“ಕಾಳಕ್ಕ.”

“ನಾವು ಸಗಣಿ ಮೆತ್ತೋರು.” ಎಂದಳು, ಕೂಳೆಯಿಂದ ಕಣ್ಣು ತೆಗೆಯದೆ. “ಕಾಲೋನಿಯಾಗೆ ಯಾರನ್ನ ಬೇಕಾರೂ ಕೇಳ್ರಿ, ಸಗಣಿಯೇ. ಆ ಹುಡುಗಿ ಒಬ್ಬಳೇ ಹರಳೆಣ್ಣ್ಯಾಗೆ ಅರಿಶಿನ ಕಲಸಿ ಹಚ್ಚೋಳು. ಕೂಸಿನ ಹೊಕ್ಕಳಿಗೆ ಹಚ್ಚಿದಂಗೆ. ನಾನು ಎಷ್ಟೋ ಸಲ ನಕ್ಕಿದ್ದೆ, ಇದೇನು ಬಾಣಂತಿ ಕೋಣೆಯೇನೇ ಅಂತ. ನಗ್ಬಾರ್ದಾಗಿತ್ತು.”

ಚಿತ್ತಯ್ಯ ನೆಲ ನೋಡಿದ. ಕೂಳೆಯ ನೇರಕ್ಕೆ, ಗೋಡೆಯ ನೆರಳಿನಲ್ಲಿ, ಅರ್ಧರ್ಧಕ್ಕೆ ಕತ್ತರಿಸಿದ ಎಲೆ ತುಂಡುಗಳು ಬಿದ್ದಿದ್ದವು. ಬಾಡಿದ್ದವು, ಇನ್ನೂ ಒಣಗಿರಲಿಲ್ಲ.

“ಎಲೆ ಯಾಕೆ ಅರ್ಧ ಕತ್ತರಿಸ್ತಾರೆ?”

“ಹೊಸ ಬೇರು ಅಷ್ಟೊಂದು ಎಲೆ ಸಾಕಲಾರದು. ಭಾರ ಕಡಿಮೆ ಮಾಡ್ತಾರೆ. ಕದಿಯೋ ಕಳ್ಳನಿಗೆ ಅದೆಲ್ಲ ಎಲ್ಲಿ ಗೊತ್ತಿರ್ತೈತೆ?” ಎಂದವಳು ತಟ್ಟನೆ ಸೆರಗು ಬಾಯಿಗೆ ಒತ್ತಿಕೊಂಡಳು. ತಾನು ಏನು ಹೇಳಿಬಿಟ್ಟೆನೆಂದು ಅವಳಿಗೆ ಆಗ ಅರಿವಾಗಿತ್ತು.

“ನಿನ್ನೆ” ಎಂದ ಚಿತ್ತಯ್ಯ, ತನಗೆ ತಾನೇ ಹೇಳಿಕೊಂಡ ಹಾಗೆ. “ಹೆಚ್ಚಂದ್ರೆ ನಿನ್ನೆ ಮಧ್ಯಾಹ್ನ. ಹಿಂಗೇ ಎಲ್ಲರೂ ಮಲಗಿರೋ ಹೊತ್ತಿನಾಗೆ.”

“ನಾನೇನೂ ನೋಡಿಲ್ರಿ. ಯಾರೋ ಹುಡುಗ್ರು ಕಿತ್ತಿರ್ತಾರೆ ಬಿಡ್ರಿ. ನಾನು ಬರ್ತೀನಿ, ತೋಟದಾಗೆ ಕೆಲಸ ಐತೆ.”

“ಕಾಳಕ್ಕ, ಆಯಮ್ಮ ಬದುಕಿದಾಳೆ ಅಂದ್ರೆ ನಿನಗೆ ಸಂತೋಷ ಆಗ್ಬೇಕಲ್ಲ.”

ಅವಳು ತಿರುಗಿ ನೋಡಿದಳು. ಕಣ್ಣು ತುಂಬಿತ್ತು. “ಸಂತೋಷ ಆಗೈತ್ರಿ. ಬದುಕಿರೋಳು ಯಾಕೆ ಕದ್ದು ಬಂದು ಕದ್ದು ಹೋದ್ಲು ಅಂತ ಯೋಚನೆ ಮಾಡಿದ್ರೆ ಆ ಸಂತೋಷ ನಿಲ್ಲಂಗಿಲ್ಲ, ಅಷ್ಟೆ.”

*

ಏಕಾಂತಪ್ಪ ಮೂರೂಕಾಲಿಗೆ ಬಂದ. ಹೆಗಲ ಮೇಲೆ ತೂಬು ತಿರುಗಿಸುವ ಕಬ್ಬಿಣದ ಕೈ, ಸೊಂಟದಲ್ಲಿ ಕುಡುಗೋಲು, ಮೊಣಕಾಲ ತನಕ ಕೆಸರು. ಮೂವತ್ತೆರಡಕ್ಕೇ ಕಿವಿಯ ಹತ್ತಿರ ನರೆತ ಮನುಷ್ಯ. ಜಗಲಿಯ ಮೇಲೆ ಕುಳಿತ ದಫೇದಾರನನ್ನು ನೋಡಿ ಅವನಿಗೆ ಗಾಬರಿಯಾಗಲಿಲ್ಲ.

“ಕುಂತ್ಕಳ್ರಿ, ಕುಂತ್ಕಳ್ರಿ. ನಾಕು ಗಂಟೆ ಅಂದಿದ್ರಲ್ಲ. ಕೈಕಾಲು ತೊಳ್ಕಂಡು ಅಂಗಿ ಬದಲಾಯಿಸ್ತೀನಿ. ಜೈಲಿಗೆ ಕೆಸರುಗಾಲಾಗೆ ಹೋಗ್ಬಾರ್ದು ನೋಡ್ರಿ.”

“ಇಲ್ಲಿ ಕೂರು ಏಕಾಂತಪ್ಪ. ಹೆಂಡ್ತಿ ಹೋದ ಮ್ಯಾಲೆ ಈ ಗಿಡದ ಮುಖ ನೋಡಿಲ್ಲ ಅಂತ ಬರೆಸಿದ್ದೆಯಲ್ಲ.”

“ಹೂನ್ರಿ.”

“ಸಿಂಬೆ ಯಾರದು?”

ಏಕಾಂತಪ್ಪ ಕಿಟಕಿ ನೋಡಿದ, ಗಿಡ ನೋಡಿದ. ಕಬ್ಬಿಣದ ಕೈಯನ್ನು ಗೋಡೆಗೆ ಒರಗಿಸಿದ. ಸಿಕ್ಕಿಬಿದ್ದ ಕಳ್ಳನಿಗಿಂತ ಹೆಚ್ಚಾಗಿ, ಸಿಹಿ ಕದ್ದು ತಿಂದು ಸಿಕ್ಕಿಬಿದ್ದ ಹುಡುಗನ ಹಾಗೆ ಕಂಡ.

“ನಗ್ತಾರ್ರಿ” ಎಂದ. “ಗಂಡಸು ಕೊಡ ಹೊತ್ರೆ ನಗ್ತಾರೆ. ಅದ್ರಾಗೂ ಓಡಿಹೋದ ಹೆಂಡ್ತಿ ಗಿಡಕ್ಕೆ ಹೊತ್ರೆ? ಹೆಣ ಸಿಗೋ ಮುಂಚೆ ಎಲ್ರೂ ಓಡಿಹೋದ್ಲು ಅಂತಿದ್ರಲ್ಲ. ಅದಕ್ಕೇ ಹೊತ್ತು ಮುಳುಗಿದ ಮೇಲೆ ತಂದು ಹಾಕ್ತಿದ್ದೆ. ದಿನಕ್ಕೆ ಎರಡು ಕೊಡ.”

“ಯಾಕೆ?”

“ಅವಳಿದ್ದಾಗ ಒಂದು ಚೊಂಬು ಹಾಕಿದೋನಲ್ಲ ನಾನು. ಬಾಗಿಲಾಗೆ ಮುಳ್ಳು ಬೆಳಸ್ತೀಯ ಅಂತ ಬೈತಿದ್ದೆ. ಕೂಸು ಹೋದ ಮೇಲೆ ಅವಳ ಜೊತೆ ಹೆಂಗೆ ಮಾತಾಡ್ಬೇಕು ಅಂತ ಗೊತ್ತಾಗ್ಲಿಲ್ಲ ದಫೇದಾರ್ರೇ. ಅವಳು ಗಿಡದ ಮುಂದೆ ಕುಂತ್ಕಳ್ಳೋಳು, ನಾನು ಚಾನಲ್ ಮೇಲೆ ಹೋಗೋನು. ಹಂಗೇ ಮೂರು ವರ್ಸ ಹೋತು.” ಅವನು ಅಂಗೈಯ ಕೆಸರು ತಿಕ್ಕಿಕೊಂಡ. “ಹೋದ ಮೇಲೆ ಗಿಡದ ಎಲೆ ಜೋತು ಬಿದ್ದಿದ್ವು. ಇದೂ ಸತ್ರೆ ಬಂದಾಗ ಏನು ಹೇಳ್ಲಿ ಅಂತ ಭಯ ಆತು. ಎಂಟುನೂರು ಎಕರೆಗೆ ನೀರು ಬಿಡೋನು ನಾನು. ಒಣಗಿದ್ದಕ್ಕೆ ನೀರು ಬಿಟ್ರೆ ಬದುಕತೈತೆ. ನಂಗೆ ಗೊತ್ತಿರೋದು ಅದೊಂದೇ.”

“ಇದಕ್ಕೆ ನೀರು ಹಾಕಿದ್ರೆ ಹೂ ಬಿಡಲ್ಲ.”

“ಹಂಗಾ?” ಏಕಾಂತಪ್ಪ ಗಿಡದ ಕಡೆ ನೋಡಿಯೇ ನೋಡಿದ. “ನಾನು ಇನ್ನೂ ಸಾಲ್ದೇನೋ ಅಂತ ಹೋದ ವಾರದಿಂದ ಮೂರು ಕೊಡ ಮಾಡಿದ್ದೆ.”

ಚಿತ್ತಯ್ಯ ಎಷ್ಟೋ ಜನ ಅತ್ತದ್ದನ್ನು ನೋಡಿದ್ದ. ಅಳದೆ ಕೂತವನ ಮುಂದೆ ಹೇಗೆ ಕೂರಬೇಕೆಂಬುದು ಮಾತ್ರ ಈ ವಯಸ್ಸಿಗೂ ಅವನಿಗೆ ತಿಳಿದಿರಲಿಲ್ಲ.

“ಬಲಗಡೆ ಒಂದು ಕೊಂಬೆಗೆ ಬಟ್ಟೆ ಕಟ್ಟಿತ್ತು, ನೋಡಿದ್ಯಾ?”

“ನೋಡ್ದಿರ್ತೀನಾ? ಏನೋ ಪೆಟ್ಟಾಗೈತೆ, ಔಷಧಿ ಕಟ್ಟಿದಾಳೆ ಅಂದ್ಕಂಡಿದ್ದೆ. ಮೊದಲ ಚೊಂಬು ಅದಕ್ಕೇ. ಆ ಬಟ್ಟೆ ಒಣಗಾಕೆ ಬಿಟ್ಟೋನೇ ಅಲ್ಲ.”

ದಫೇದಾರ ಕಣ್ಣು ಮುಚ್ಚಿ ತೆರೆದ. ಹೇಳಲೇಬೇಕಿತ್ತು. ಹೇಳಿದರೆ ಈ ಮನುಷ್ಯನ ಕುತ್ತಿಗೆ ಉಳಿಯುತ್ತದೆ.

ಅವನು ಎದ್ದು ಎಲೆ ಸರಿಸಿ ಕೂಳೆ ತೋರಿಸಿದ. ಗೂಟಿ ಎಂದರೆ ಏನೆಂದು ಹೇಳಿದ. ಎಲೆ ತುಂಡು ತೋರಿಸಿದ. ಇಬ್ಬರೂ ಮತ್ತೆ ಜಗಲಿಗೆ ಬಂದು ಕೂತ ಮೇಲೆ ಹೆಬ್ಬೆರಳು ಚಾಚಿದ.

ಏಕಾಂತಪ್ಪ ಆ ಹೆಬ್ಬೆರಳನ್ನು ಹಿಡಿದು ಮೂಸಿ ನೋಡಿದ. ಬಹಳ ಹೊತ್ತು ಬಿಡಲಿಲ್ಲ.

“ಅವಳೇ” ಎಂದ. “ಈ ವಾಸನೆ ಈ ಮನ್ಯಾಗೆ ಹನ್ನೊಂದು ದಿನ ಇತ್ತು.”

“ನಿನ್ನೆ ಮಧ್ಯಾಹ್ನ ಬಂದಿದ್ಲು. ನೀನು ತೂಬಿನ ಹತ್ರ ಇದ್ದಾಗ.”

“ನಿನ್ನೆ…” ಏಕಾಂತಪ್ಪನ ಮುಖದಲ್ಲಿ ಬೆಳಕೊಂದು ಹತ್ತಿತು. “ದಫೇದಾರ್ರೇ, ನಿನ್ನೆ ಅನ್ನದ ಡಬರಿ ತೆರೆದಿಟ್ಟು ಹೋಗಿದ್ದೆ. ಬರೀ ಚಿಲಕ ಹಾಕಿದ್ದೆ, ಬೀಗ ಇಲ್ಲ. ಸಂಜೆ ಬಂದ್ರೆ ಡಬರಿ ಮೇಲೆ ತಟ್ಟೆ ಮುಚ್ಚಿತ್ತು. ಪಕ್ಕದ ಮನೆ ವೀರಮ್ಮ ಬಂದಿದ್ಲೇನೋ ಅಂದ್ಕಂಡೆ. ಅವಳೇ ಮುಚ್ಚಿದ್ದು! ಅನ್ನ ತೆರೆದಿಟ್ರೆ ಅವಳಿಗೆ ಆಗ್ತಿರ್ಲಿಲ್ಲ.”

ಅವನು ನಕ್ಕ. ಆಮೇಲೆ ಆ ನಗು ನಿಧಾನಕ್ಕೆ ಇಳಿಯಿತು, ತೂಬು ಮುಚ್ಚಿದ ಮೇಲೆ ಕಾಲುವೆಯ ನೀರು ಇಳಿಯುವ ಹಾಗೆ.

“ಒಳಗೆ ಬಂದಿದ್ಲು. ತಟ್ಟೆ ಮುಚ್ಚಿದ್ಲು. ಹೋದ್ಲು.”

“ಹೂಂ.”

“ಗಿಡ ನೋಡಿರ್ತಾಳೆ. ಬುಡ ಹಸಿ ಇದ್ದಿದ್ದು, ಬಟ್ಟೆ ಹಸಿ ಇದ್ದಿದ್ದು ನೋಡಿರ್ತಾಳೆ. ನಾನೇ ಹಾಕಿದ್ದು ಅಂತ ಅವಳಿಗೆ ಗೊತ್ತಾಗಿರ್ತೈತಲ್ರಿ?”

“ಗೊತ್ತಾಗದೆ ಏನು? ಈ ಬಿಸಿಲಿಗೆ ಬಟ್ಟೆ ಒಣಗಿದ್ರೆ ಬೇರು ಬರ್ತಿರ್ಲಿಲ್ಲ. ನಿನ್ನ ನೀರಿನಿಂದ್ಲೇ ಅದು ಬೇರು ಬಿಟ್ಟಿದ್ದು.”

ಹೇಳಬಾರದಾಗಿತ್ತು ಎಂದು ಚಿತ್ತಯ್ಯನಿಗೆ ಅನ್ನಿಸುವಷ್ಟರಲ್ಲಿ ಮಾತು ಹೊರಬಿದ್ದಿತ್ತು.

“ಹಂಗಾದ್ರೆ ಅವಳು ಹೋಗಾಕೆ ನಾನೇ ಬೇರು ಬೆಳೆಸಿ ಕೊಟ್ಟಂಗಾತು” ಎಂದ ಏಕಾಂತಪ್ಪ. ದನಿಯಲ್ಲಿ ಕೋಪವಿರಲಿಲ್ಲ. “ಕೂಸಿನ ಗುರ್ತು ತಗಂಡು ಹೋಗಾಕೆ ಬಂದಿದ್ಲು. ನನಗಾಗಿ ಬರ್ಲಿಲ್ಲ.”

“ಈಗ ಅದು ಬಿಡು. ನೀನು ಬದುಕಿದೆ ಏಕಾಂತಪ್ಪ! ಸಾಹೇಬರು ಬಂದ ಕೂಡ್ಲೇ ಈ ಕೂಳೆ ತೋರಿಸ್ತೀನಿ, ಕಾಳಕ್ಕನ ಹೇಳಿಕೆ ಬರೆಸ್ತೀನಿ. ಬದುಕಿರೋಳನ್ನ ಕೊಂದೋನು ಯಾರಿದಾನೆ? ವಾರಂಟು ಹರಿದು ಹಾಕ್ತಾರೆ.”

ಏಕಾಂತಪ್ಪ ತಲೆಯಾಡಿಸಿದ. ನೀರಿನ ಮಟ್ಟ ಅಳೆಯುವವನ ಹಾಗೆ ನಿಧಾನಕ್ಕೆ ಕೇಳಿದ.

“ಹಂಗಾದ್ರೆ ನಾನು ಮಣ್ಣು ಹಾಕಿದ್ದು ಯಾರಿಗೆ?”

ಚಿತ್ತಯ್ಯನ ಕೈ ಪುಸ್ತಕದ ಕಡೆ ಹೋಯಿತು.

“ಅವಳ ಸೀರೆ ಉಟ್ಕಂಡು ನೀರಾಗೆ ಬಿದ್ದಿದ್ದೋಳು ಯಾರ್ರಿ? ಆ ಸೀರೆ ಅವಳ ಪೆಟ್ಟಿಗ್ಯಾಗಿತ್ತು. ಹೋಗೋವಾಗ ಅವಳೇ ತಗಂಡು ಹೋಗಿದ್ದು, ನಾನೇ ಕಣ್ಣಾರೆ ನೋಡೀನಿ. ನಿಮ್ಮ ಸಾಹೇಬ್ರು ಬದುಕಿರೋಳನ್ನ ಹುಡುಕಿ ತಂದು ಮೊದ್ಲು ಏನು ಕೇಳ್ತಾರೆ?”

“ಕೇಳೋದು ಕೇಳಲೇಬೇಕಾಗ್ತೈತೆ.”

“ಅವಳ ಕೈಗೆ ಕೋಳ ಹಾಕಿ ಕೇಳ್ತಾರೆ.”

“ಏಕಾಂತಪ್ಪ, ಅವಳು ತಪ್ಪು ಮಾಡಿಲ್ಲ ಅಂದ್ರೆ…”

“ನಾನೂ ಮಾಡಿರ್ಲಿಲ್ಲ. ನನ್ನ ಹೆಸರಿಗೆ ವಾರಂಟು ಬರ್ಲಿಲ್ಲೇನ್ರಿ?”

ಹೇಳಿದವನೇ ಎದ್ದ. ಕುಡುಗೋಲು ಯಾವಾಗ ಕೈಗೆ ಬಂತೆಂದು ದಫೇದಾರ ನೋಡಲಿಲ್ಲ. ಅಂಗಳದಲ್ಲಿ ಮೂರೇ ಹೆಜ್ಜೆ.

“ಬ್ಯಾಡ! ಲೇ, ಬ್ಯಾಡ ಕಣೋ! ಅದು ನಿನ್ನ ಕುತ್ತಿಗೆ!”

ಚಿತ್ತಯ್ಯನ ಮಂಡಿಗಳು ಐವತ್ನಾಲ್ಕು ವರ್ಷದವು. ಅವನು ಜಗಲಿಯಿಂದ ಇಳಿಯುವಷ್ಟರಲ್ಲಿ ಕುಡುಗೋಲು ಎರಡು ಸಲ ಬಿದ್ದಿತ್ತು. ಕೂಳೆಯಷ್ಟೇ ಹೋಗಲಿಲ್ಲ, ಅದನ್ನು ಹಿಡಿದಿದ್ದ ಕೊಂಬೆಯೂ ಬುಡದ ತನಕ ಸೀಳಿ ಬಂತು. ಮುಳ್ಳು ತಾಗಿ ಏಕಾಂತಪ್ಪನ ಮುಂಗೈಯಿಂದ ರಕ್ತ ಇಳಿಯುತ್ತಿತ್ತು. ಅವನು ಕೊಂಬೆಯನ್ನೂ ಕೂಳೆಯನ್ನೂ ಬಾಚಿ ಕಾಲುವೆಗೆ ಎಸೆದ. ಬಗ್ಗಿ ಎಲೆ ತುಂಡುಗಳನ್ನು ಒಂದೊಂದಾಗಿ ಆರಿಸಿ ಅವನ್ನೂ ನೀರಿಗೆ ಬಿಟ್ಟ.

ನಲವತ್ತರಲ್ಲಿ ಒಂದೇ ಬದುಕಿದ ಗಿಡದ ಅರ್ಧ ಮೈ ನೀರಿನ ಮೇಲೆ ತೇಲುತ್ತ ಹೋಯಿತು.

“ಇವತ್ತು ಬೆಳಿಗ್ಗೆ ನಾನೇ ತೂಬು ಎರಡು ಗೇಣು ಎತ್ತಿದ್ದೆ” ಎಂದ ಏಕಾಂತಪ್ಪ, ಏದುಸಿರು ಬಿಡುತ್ತ. “ನೀರು ಜೋರಾಗೈತೆ. ನೀವು ಓಡಿದ್ರೂ ಸಿಗಲ್ಲ.”

“ಯಾಕೋ ಹಿಂಗೆ ಮಾಡ್ದೆ?” ಚಿತ್ತಯ್ಯನ ದನಿ ಪೊಲೀಸಿನವನ ದನಿಯಾಗಿ ಉಳಿದಿರಲಿಲ್ಲ.

“ಇಲ್ಲೀಗಂಟ ಅವಳು ಬ್ಯಾಡ ಅಂದಿದ್ದಕ್ಕೆಲ್ಲ ನೀರು ಸುರಿದೆ. ಕೊನೆಗಾದ್ರೂ ಅವಳಿಗೆ ಬೇಕಾದ್ದು ಮಾಡ್ತೀನಿ. ಅವಳಿಗೆ ಬೇಕಾಗಿರೋದು ಏನು ಅಂದ್ರೆ, ಸತ್ತೋಳಾಗಿರೋದು.”

ದೂರದಲ್ಲಿ ಜೀಪಿನ ಸದ್ದು ಕೇಳಿಸಿತು. ಕಾಲೋನಿಯ ಬಾಗಿಲುಗಳು ಒಂದೊಂದಾಗಿ ತೆರೆದವು.

*

ಸರ್ಕಲ್ ಸಾಹೇಬರು ಇಳಿಯುವ ಮೊದಲೇ ಏಕಾಂತಪ್ಪ ಅಂಗಳದ ನಡುವೆ ಹೋಗಿ ಎರಡೂ ಕೈ ಮುಂದಕ್ಕೆ ಚಾಚಿದ್ದ. ಒಂದು ಕೈ ರಕ್ತ, ಒಂದು ಕೈ ಕೆಸರು.

“ಬರಕಳ್ರಿ ಸ್ವಾಮಿ. ನಾನೇ ಕೊಂದೆ. ಕೊಟ್ರಮ್ಮನ್ನ ನಾನೇ ಕೊಂದೆ.”

ಸಾಹೇಬರು ಹುಬ್ಬೇರಿಸಿ ದಫೇದಾರನ ಕಡೆ ತಿರುಗಿದರು. “ಏನ್ರೀ ಚಿತ್ತಯ್ಯ, ಇವನು ನಿರಪರಾಧಿ ಅಂತ ವಾರದಿಂದ ನನ್ನ ತಲೆ ತಿಂದಿದ್ರಲ್ಲ. ಈಗ? ಇಲ್ಲೇನಾದ್ರೂ ಸಿಕ್ತಾ ನಿಮಗೆ?”

ಚಿತ್ತಯ್ಯ ಬಾಯಿ ತೆರೆದ. ಏಕಾಂತಪ್ಪ ಅವನನ್ನೇ ನೋಡುತ್ತಿದ್ದ. ಬೇಡುವ ನೋಟವಾಗಿದ್ದರೆ ತಳ್ಳಿಹಾಕಬಹುದಿತ್ತು. ಮೂರು ವರ್ಷದಲ್ಲಿ ಮೊದಲ ಸಲ ಹೆಂಡತಿಗೆ ಏನನ್ನೋ ಸರಿಯಾಗಿ ಮಾಡಿದ ಗಂಡಸಿನ ನೋಟ ಅದು.

“ಗಿಡ ನೋಡ್ತಿದ್ದೆ ಸಾರ್” ಎಂದ ದಫೇದಾರ. “ಹೂ ಬಿಟ್ಟಿಲ್ಲ.”

“ಹೂ ನೋಡಾಕೆ ಬಂದಿದ್ರಾ? ಸರಿ ಹೋಯ್ತು. ಹತ್ತಿಸ್ರಿ ಇವನನ್ನ.”

ಕೋಳ ಬಿತ್ತು. ಏಕಾಂತಪ್ಪ ಜೀಪು ಹತ್ತುವ ಮೊದಲು ತಿರುಗಿ ವೀರಮ್ಮನ ಬಾಗಿಲ ಕಡೆ ಕೂಗಿದ. “ವೀರಮ್ಮಕ್ಕ, ಈ ಗಿಡಕ್ಕೆ ಯಾರೂ ನೀರು ಹಾಕ್ಬ್ಯಾಡ್ರಿ.”

ಜೀಪಿನ ಹಿಂದಿನ ಸೀಟಿನಿಂದ ಪಂಚಾಕ್ಷರಪ್ಪ ಇಳಿದು ನಿಂತಿದ್ದ. ತಂಗಿಯ ಗಂಡನನ್ನು ಗಲ್ಲಿಗೆ ಹಾಕಿಸುತ್ತೇನೆಂದು ಒಂದೂವರೆ ತಿಂಗಳಿನಿಂದ ಠಾಣೆಯ ಮೆಟ್ಟಿಲು ಸವೆಸಿದವನು. ಈಗ ಅವನು ಏಕಾಂತಪ್ಪನ ಕೈಯ ಕೋಳವನ್ನು ನೋಡುತ್ತಿರಲಿಲ್ಲ. ಗಿಡದ ಬಲಗಡೆ, ಕೊಂಬೆ ಇಲ್ಲದ ಜಾಗ ನೋಡಿದ. ಆಮೇಲೆ ಅವನ ಕಣ್ಣು ದಫೇದಾರನ ಹೆಬ್ಬೆರಳಿಗೆ ಬಂದು ನಿಂತಿತು. ಎಣ್ಣೆಯಲ್ಲಿ ಕಲಸಿದ ಅರಿಶಿನ ಅಷ್ಟು ಬೇಗ ಹೋಗುವುದಿಲ್ಲ.

ಪಂಚಾಕ್ಷರಪ್ಪನ ಮುಖ ಸುಣ್ಣದ ಗೋಡೆಯಾಯಿತು.

ಚಿತ್ತಯ್ಯ ನಿಧಾನವಾಗಿ ಮುಷ್ಟಿ ಮುಚ್ಚಿದ. ಹೆಬ್ಬೆರಳು ಒಳಗೆ.

ಆ ಮಧ್ಯಾಹ್ನ ಗಿಡಕ್ಕೆ ಅರ್ಧ ಮೈ ಹೋಯಿತು. ದಫೇದಾರ ಚಿತ್ತಯ್ಯನಿಗೆ ಒಬ್ಬ ನಿರಪರಾಧಿಯನ್ನು ಉಳಿಸಬಹುದಾಗಿದ್ದ ಸಾಕ್ಷಿ ಹೋಯಿತು. ಏಕಾಂತಪ್ಪನಿಗೆ ಹೆಂಡತಿ ಹೋದಳು, ಎರಡನೆಯ ಸಲ. ಸಿಕ್ಕಿದ್ದು ಒಂದೇ, ಕೊಟ್ರಮ್ಮ ಬದುಕಿದ್ದಾಳೆ ಎಂಬ ಸಂಗತಿ. ಅದು ಗೊತ್ತಿದ್ದವರು ಮೂವರು ಎಂದು ಚಿತ್ತಯ್ಯ ಅಲ್ಲಿಯವರೆಗೆ ಎಣಿಸಿದ್ದ. ಈಗ ನಾಲ್ವರಾದರು; ನಾಲ್ಕನೆಯವನಿಗೆ ಅದು ಸೀರೆ ಗುರುತಿಸಿದ ದಿನದಿಂದಲೇ ಗೊತ್ತಿದ್ದಿರಬೇಕು.